ಬೆನ್ನಣ್ಣ ಮತ್ತು ಬಿಲ್ಲಿನ ತಟ್ಟೆ

ಆ ಹೋಟೆಲಿನಲ್ಲಿ ಅವನನ್ನು ಹೆತ್ತವರಿಟ್ಟ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಗಲ್ಲಾದಲ್ಲಿ ಕೂರುವ ಯಜಮಾನರಿಂದ ಹಿಡಿದು ತರಕಾರಿ ಹೆಚ್ಚುವ ಹೆಂಗಸಿನವರೆಗೆ ಎಲ್ಲರಿಗೂ ಅವನು ಬೆನ್ನಣ್ಣ. ಇಪ್ಪತ್ತಾರು ವರ್ಷ ಸಪ್ಲೈಯರ್ ಕೆಲಸ ಮಾಡಿ ಸಂಪಾದಿಸಿದ ಬಿರುದು ಅದು. ಉಳಿದ ಚಿಲ್ಲರೆಯನ್ನು ಕೊನೆಯ ನಾಣ್ಯದವರೆಗೂ ಬಿಲ್ಲಿನ ತಟ್ಟೆಯಲ್ಲಿ ತಂದಿಟ್ಟು, "ನೋಡ್ಕೊಳ್ಳಿ ಸಾರ್" ಅಂದು, ಗಿರಾಕಿಗೆ ಬೆನ್ನು ಹಾಕಿ ನಿಂತುಬಿಡುತ್ತಾನೆ. ಲೋಟ ಒರೆಸುತ್ತಾನೆ, ಇಲ್ಲವೇ ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತಾನೆ. ಗಿರಾಕಿ ಬಾಗಿಲು ದಾಟುವವರೆಗೆ ತಿರುಗುವುದಿಲ್ಲ. ತಟ್ಟೆಯಲ್ಲಿ ಏನಿದ್ದರೂ ಸರಿ, ಏನೂ ಇಲ್ಲದಿದ್ದರೂ ಸರಿ.

ಎಲ್ಲ ಸಪ್ಲೈಯರುಗಳೂ ಹೀಗೇ ಅಂದುಕೊಳ್ಳಬೇಡಿ. ಬಾಗಿಲ ಕಡೆಯ ಸಾಲು ನೋಡಿಕೊಳ್ಳುವವನು ಅವನ ಬಾಮೈದ, ಹೆಂಡತಿಯ ಖಾಸಾ ತಮ್ಮ. ಟಿಪ್ಸ್ ಗಿಟ್ಟಿಸುವ ವಿದ್ಯೆಯಲ್ಲಿ ಚೆನ್ನಾಗಿ ಪಳಗಿದವನು. ದೊಡ್ಡ ನೋಟನ್ನು ಸಣ್ಣ ಸಣ್ಣ ನೋಟಾಗಿ ಒಡೆಸಿ ತರುತ್ತಾನೆ, ಬಿಟ್ಟುಹೋಗಲು ಸುಲಭವಾಗಲಿ ಎಂದು. ಅವಸರದಲ್ಲಿರುವವರ ಚಿಲ್ಲರೆಯನ್ನು ಬೇಕೆಂದೇ ತಡ ಮಾಡುತ್ತಾನೆ. ಆಮೇಲೆ ಮೇಜಿನ ಪಕ್ಕ ನಿಂತು, ತಟ್ಟೆಯನ್ನೇ ನೋಡುತ್ತ ಹಲ್ಲು ಗಿಂಜುತ್ತಾನೆ.

"ಭಾವ, ನಿಮ್ಮ ಬೆನ್ನು ನೋಡಿ ಯಾರು ದುಡ್ಡು ಬಿಡ್ತಾರೆ? ಸ್ವಲ್ಪ ಮುಖ ತೋರಿಸಿ" ಎಂದು ಅವನು ಕಾಲೆಳೆಯುವುದುಂಟು.

"ನನ್ನ ಮುಖ ನೋಡಿದ್ರೆ ಬಿಟ್ಟಿದ್ದನ್ನೂ ಎತ್ಕೊಂಡು ಹೋಗ್ತಾರೆ ಕಣೋ."

ಹೀಗೆ ನಗೆಯಲ್ಲಿ ತೇಲಿಸುತ್ತಿದ್ದನೇ ಹೊರತು ಬೆನ್ನಣ್ಣ ಕಾರಣ ಹೇಳಿದವನಲ್ಲ. ಚಿಕ್ಕವನಿದ್ದಾಗ ಅಪ್ಪ ಒಮ್ಮೆ ಅವನನ್ನು ಹೋಟೆಲಿಗೆ ಕರೆದೊಯ್ದಿದ್ದ. ಸಪ್ಲೈಯರ್ ತಲೆಯ ಮೇಲೇ ನಿಂತಿದ್ದಕ್ಕೆ ಮುಜುಗರಪಟ್ಟು, ಬಸ್ಸಿಗೆಂದು ಇಟ್ಟಿದ್ದ ದುಡ್ಡನ್ನೇ ತಟ್ಟೆಯಲ್ಲಿ ಬಿಟ್ಟು, ದೊಡ್ಡ ಮನುಷ್ಯನ ಹಾಗೆ ಎದೆ ಸೆಟೆಸಿ ಹೊರಬಂದ. ಇಬ್ಬರೂ ಮನೆವರೆಗೆ ನಡೆದರು. ಆ ನಡಿಗೆಯ ಸಂಕಟ ಇವತ್ತಿಗೂ ಬೆನ್ನಣ್ಣನನ್ನು ಬಿಟ್ಟಿಲ್ಲ.

ಇಂಥವನು ಎಡವಿದ್ದು ಒಂದು ಕನ್ನಡಿಯಿಂದ. ಹೋಟೆಲು ದೊಡ್ಡದಾಗಿ ಕಾಣಲಿ ಎಂದು ಯಜಮಾನರು ಕೈತೊಳೆಯುವ ಕಡೆಯ ಗೋಡೆಯುದ್ದಕ್ಕೂ ಕನ್ನಡಿ ಹಾಕಿಸಿದರು. ಬೆನ್ನಣ್ಣ ಎಂದಿನಂತೆ ಬೆನ್ನು ತಿರುಗಿಸಿದರೆ ಇಡೀ ಮೇಜು ಅವನ ಎದುರಿಗೇ ಬಂದು ಕೂತಿರುತ್ತಿತ್ತು. ತಲೆ ತಗ್ಗಿಸಿ ನಿಲ್ಲುವುದನ್ನು ಕಲಿತ. ಆದರೂ ಕಣ್ಣು ಹೇಳಿದ ಮಾತು ಕೇಳಬೇಕಲ್ಲ!

ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಅವನ ಸಾಲಿನ ಮೂಲೆಯ ಮೇಜಿಗೆ ಟೈಪಿಂಗ್ ಮೇಡಂ ಬರುತ್ತಿದ್ದರು. ಎದುರು ಕಟ್ಟಡದ ಮಹಡಿಯಲ್ಲಿ ಇಪ್ಪತ್ತು ಯಂತ್ರ ಇಟ್ಟುಕೊಂಡು ಊರಿಗೆಲ್ಲ ಟೈಪಿಂಗ್ ಕಲಿಸಿದವರು. ಈಗ ಆ ಟೈಪಿಂಗ್ ಶಾಲೆಯ ಬಾಗಿಲು ಮುಚ್ಚಿದೆ, ಬೋರ್ಡು ಮಾತ್ರ ಉಳಿದಿದೆ. ಒಂದು ಟೀ, ಎರಡು ತುಂಡು ಬ್ರೆಡ್ಡು, ಅರ್ಧ ಗಂಟೆ ಪೇಪರ್. ಏಳುವಾಗ ತಟ್ಟೆಯಲ್ಲಿ ಒಂದು ನಾಣ್ಯ. ಹದಿನೈದು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಅದಕ್ಕಿಂತ ಹೆಚ್ಚು ಬಿಡುವವರು ಬೇಕಾದಷ್ಟು ಜನ ಇದ್ದರು, ಆದರೆ ಮೇಡಂ ಬಿಟ್ಟ ನಾಣ್ಯವನ್ನು ಬೆನ್ನಣ್ಣ ಬೇರೆ ಜೇಬಿಗೆ ಹಾಕುತ್ತಿದ್ದ.

ಅವತ್ತು ಕನ್ನಡಿಯಲ್ಲಿ ಎಲ್ಲ ಕಂಡುಬಿಟ್ಟಿತು. ಮೇಡಂ ಪರ್ಸನ್ನು ಮೇಜಿನ ಮೇಲೆ ಬರಿದು ಮಾಡಿ, ಬೆರಳಿನಿಂದ ಒಂದೊಂದೇ ನಾಣ್ಯ ಸರಿಸಿ ಎಣಿಸಿದರು. ತಟ್ಟೆಯಲ್ಲಿಟ್ಟದ್ದನ್ನು ತೆಗೆದರು. ಮತ್ತೆ ಇಟ್ಟರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವನು ತಿರುಗಿದ. ನಾಣ್ಯವನ್ನೆತ್ತಿ ಅವರ ಕೈಗಿಟ್ಟು, "ಇರ್ಲಿ ಇಟ್ಕೊಳ್ಳಿ ಮೇಡಂ, ಬಸ್ಸಿಗೆ ಆಗುತ್ತೆ" ಅಂದ.

ಮೇಡಂ ಅವನ ಮುಖ ನೋಡಲಿಲ್ಲ. ಕನ್ನಡಿಯ ಕಡೆ ನೋಡಿದರು. ನಾಣ್ಯವನ್ನು ಪರ್ಸಿನ ಒಳಜೇಬಿಗೆ ಹಾಕಿಕೊಂಡು ಹೊರಟುಹೋದರು.

ಮರುದಿನ ಬಂದು ಬಾಮೈದನ ಸಾಲಿನಲ್ಲಿ ಕೂತರು. ಅದರ ಮರುದಿನವೂ ಅಲ್ಲೇ. ಬಾಮೈದ ಎಂದಿನಂತೆ ತಲೆಯ ಮೇಲೆ ನಿಂತು, ನಾಣ್ಯ ಬಿದ್ದ ಕೂಡಲೇ ಬಾಚಿಕೊಂಡು ಸಲಾಮು ಹೊಡೆಯುತ್ತಿದ್ದ. ಮೇಡಂ ಗತ್ತಿನಿಂದ ತಲೆಯಾಡಿಸಿ ಎದ್ದು ಹೋಗುತ್ತಿದ್ದರು. ಅವನ ದುರಾಸೆ ಕೊಟ್ಟ ಮರ್ಯಾದೆಯನ್ನು ತನ್ನ ಕನಿಕರ ಕೊಡಲಿಲ್ಲವಲ್ಲ ಎಂದು ಬೆನ್ನಣ್ಣನಿಗೆ ಊಟ ಸೇರದಾಯಿತು. ಹದಿನೈದು ವರ್ಷದ ನಂಟು ಹೀಗೆ ಒಂದು ಮಾತಿನಿಂದ ಹೋಯಿತೇ?

ಮೂರು ವಾರವಾದ ಮೇಲೆ ಹೆಂಡತಿಯ ಮುಂದೆ ಬಾಯಿಬಿಟ್ಟ.

"ನಾನು ಒಳ್ಳೇದಕ್ಕೇ ಮಾಡಿದ್ದು ಕಣೇ."

"ಒಳ್ಳೇದಂತೆ! ನೀವು ಕೊಟ್ಟಿದ್ದನ್ನ ಯಾರಾದ್ರೂ 'ಅಯ್ಯೋ ಪಾಪ' ಅಂತ ವಾಪಸ್ ಕೈಗಿಟ್ರೆ ಹೇಗಿರುತ್ತೆ?" ಅವಳು ಮಡಚುತ್ತಿದ್ದ ಬಟ್ಟೆಯಿಂದ ತಲೆ ಎತ್ತಲಿಲ್ಲ. "ಹೋಗಿ ಕೇಳಿ ಇಸ್ಕೊಳ್ಳಿ."

"ಟಿಪ್ಸ್ ಕೇಳೋದಾ? ನಾನಾ?"

"ಹ್ಞೂಂ, ನೀವೇ. ಅವರೊಬ್ಬರೇ ಸಣ್ಣವರಾಗ್ಬೇಕಾ?"

ಮರುದಿನ ಮೇಡಂ ಬಿಲ್ಲಿನ ದುಡ್ಡು ಕೊಟ್ಟು ಏಳುವ ಹೊತ್ತಿಗೆ ಬೆನ್ನಣ್ಣ ತನ್ನ ಸಾಲು ಬಿಟ್ಟು ಬಂದು ಅವರೆದುರು ನಿಂತ. ಒಬ್ಬರ ಸಾಲಿಗೆ ಇನ್ನೊಬ್ಬರು ಕೈ ಹಾಕುವುದೆಂದರೆ ಸಪ್ಲೈಯರುಗಳಲ್ಲಿ ಜಗಳಕ್ಕೆ ಕರೆದ ಹಾಗೆ.

"ಭಾವಾ, ಅದು ನನ್ನ ಟೇಬಲ್ಲು!"

ಬೆನ್ನಣ್ಣ ಅತ್ತ ನೋಡಲಿಲ್ಲ. ಬಲಗೈ ಚಾಚಿದ.

"ಮೇಡಂ, ನನ್ನದೊಂದು ನಾಣ್ಯ ನಿಮ್ಮ ಹತ್ರ ಇದೆ. ಕೊಡಿ."

ಪಕ್ಕದ ಮೇಜಿನವರು ತಿನ್ನುವುದನ್ನು ನಿಲ್ಲಿಸಿದರು. ಗಲ್ಲಾದಲ್ಲಿ ಯಜಮಾನರು ಕನ್ನಡಕ ಮೇಲೇರಿಸಿದರು.

"ನೀನೇ ಬೇಡ ಅಂದ್ಯಲ್ಲಪ್ಪಾ."

"ತಪ್ಪಾಯ್ತು ಮೇಡಂ. ಅದು ನನ್ನ ದುಡಿಮೆ. ಬಿಟ್ಟುಕೊಡೋಕಾಗಲ್ಲ."

ಮೇಡಂ ಪರ್ಸಿನ ಒಳಜೇಬಿಗೆ ಎರಡು ಬೆರಳು ಹಾಕಿ, ಹುಡುಕುವ ಕೆಲಸವೇ ಇಲ್ಲದೆ ನಾಣ್ಯ ತೆಗೆದು ಅವನ ಅಂಗೈ ಮೇಲಿಟ್ಟರು.

"ಕೇಳೋಕೆ ಮೂರು ವಾರ ಬೇಕಾಯ್ತಾ ನಿನಗೆ?" ಅಂದರು. ಎದ್ದು ಸೆರಗು ಸರಿಮಾಡಿಕೊಂಡರು. "ನಾಳೆ ಆ ಮೂಲೆ ಟೇಬಲ್ ಒರೆಸಿಡು. ಇವನು ತರೋಷ್ಟ್ರಲ್ಲಿ ಟೀ ಆರಿಹೋಗಿರುತ್ತೆ."

ಬೆನ್ನಣ್ಣ ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಅವರು ಬಾಗಿಲು ದಾಟುವವರೆಗೂ ಅವರ ಕಡೆಗೇ ಮುಖ ಮಾಡಿ ನಿಂತಿದ್ದ.