ಕಂಬದ ಪಕ್ಕದ ಜಾಗ

ತಕ್ಕಡಿ ರಿಪೇರಿಯವನಿಗೆ ಪೇಟೆಯವರು ಇಟ್ಟ ಹೆಸರು ಮುಳ್ಳಣ್ಣ. ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವ ತನಕ ಅವನು ತಲೆ ಎತ್ತುವುದಿಲ್ಲ, ಅದಕ್ಕೆ. ಮೊದಮೊದಲು ಆ ಹೆಸರಿನಲ್ಲಿ ಕುಚೋದ್ಯವೂ ಬೆರೆತಿತ್ತು. ಈಗ ಅವನಿಗೆ ನಲವತ್ತಮೂರು. ಕುಚೋದ್ಯ ಸವೆದುಹೋಗಿ ಹೆಸರು ಮಾತ್ರ ಉಳಿದಿದೆ.

ಅವನ ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಒಂದು ಮೇಜು, ಅರ ಹಾಕುವಾಗ ಸಾಮಾನು ಕಚ್ಚಿ ಹಿಡಿಯುವ ವೈಸು, ಗೋಡೆಗೆ ನೇತುಬಿದ್ದ ಹಿತ್ತಾಳೆ ತಟ್ಟೆಗಳು, ಮಖಮಲ್ಲಿನ ಗುಳಿಗಳಲ್ಲಿ ಸಾಲಾಗಿ ಕೂತ ಪರೀಕ್ಷೆಯ ತೂಕದ ಬಟ್ಟುಗಳು. ಆ ಬಟ್ಟುಗಳನ್ನು ಬೆರಳಲ್ಲಿ ಮುಟ್ಟುವ ಹಾಗಿಲ್ಲ, ಚಿಮಟದಲ್ಲೇ ಎತ್ತಬೇಕು. ಬೆರಳಿನ ಜಿಡ್ಡಿಗೂ ತೂಕವಿದೆ. ರಿಪೇರಿ ಮುಗಿದ ಮೇಲೆ ಪ್ರತಿ ತಕ್ಕಡಿಯ ಬುಡಕ್ಕೂ ಒಂದು ಚೀಟಿ ಅಂಟಿಸುತ್ತಾನೆ: ‘ಕಿಲೋಗೆ ಒಂದು ಗ್ರಾಂ ಹೆಚ್ಚು’, ‘ಅರ್ಧ ಗ್ರಾಂ ಕಡಿಮೆ’. ಅಂಗಡಿಯವರು ಹಣೆ ಹಣೆ ಚಚ್ಚಿಕೊಳ್ಳುತ್ತಾರೆ.

“ಸರಿಯಾಗಿದೆ ಅಂತ ಬರೆದು ಬಿಸಾಕಪ್ಪಾ. ಯಾರು ಬಗ್ಗಿ ನೋಡ್ತಾರೆ?”

“ಪೂರ್ತಿ ಸರಿ ಇರೋ ತಕ್ಕಡೀನೇ ಇಲ್ಲ,” ಎನ್ನುತ್ತಾನೆ ಮುಳ್ಳಣ್ಣ. “ಎಷ್ಟು ತಪ್ಪಿದೆ ಅಂತ ಗೊತ್ತಿದ್ರೆ ಅದೇ ಒಳ್ಳೇ ತಕ್ಕಡಿ.”

ಅವನ ಮೂವತ್ತೆಂಟನೇ ವರ್ಷದಲ್ಲಿ ಒಬ್ಬ ಡಾಕ್ಟರಮ್ಮ ಎರಡು ತಾಸು ಕೂರಿಸಿಕೊಂಡು ಮಾತಾಡಿಸಿ, ಇವನಿಗಿರುವುದು ಆಟಿಸಂ ಎಂದು ಕಾಗದದಲ್ಲಿ ಬರೆದುಕೊಟ್ಟಳು. ಇದು ರೋಗವಲ್ಲ, ಹುಟ್ಟಿನಿಂದ ತಲೆ ಕೆಲಸ ಮಾಡುವ ರೀತಿಯೇ ಬೇರೆ, ಅಷ್ಟೇ ಎಂದಳು. ಅವನ ಅಕ್ಕ ಕಾಗದವನ್ನು ಎರಡು ಸಲ ಓದಿ ಮಡಚಿದಳು.

“ಅಯ್ಯೋ ನನ್ನ ಕರ್ಮವೇ, ನಲವತ್ತು ವರ್ಷದಿಂದ ನಿನ್ನ ಮೊಂಡ ಮೊಂಡ ಅಂತ ಬೈದುಬಿಟ್ಟೆನಲ್ಲೋ.”

“ಮೂವತ್ತೆಂಟು,” ಎಂದ ಮುಳ್ಳಣ್ಣ.

ಅಕ್ಕನದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಕೆಲಸ. ಎರಡು ಮುಷ್ಕರ ಕಂಡವಳು, ಮೂರು ದಿನ ಲಾಕಪ್ಪಿನಲ್ಲಿ ಕೂತು ಬಂದವಳು. ದೇವರೆಂದರೆ ಅವಳ ಮಟ್ಟಿಗೆ ಕೆಲಸಕ್ಕೆ ಬಾರದ ಮ್ಯಾನೇಜರು: ಅರ್ಜಿ ತಗೊಳ್ತಾನೆ, ಉತ್ತರ ಕೊಡಲ್ಲ. ತಮ್ಮ ಹಾಗಲ್ಲ. ಏಳು ವರ್ಷದವನಿದ್ದಾಗಿನಿಂದ ಅವ್ವನ ಕೈ ಹಿಡಿದು ಪ್ರಾರ್ಥನೆಯ ಮನೆಗೆ ಹೋದವನು, ಜ್ವರ ಬಂದ ಎರಡು ವಾರ ಬಿಟ್ಟರೆ ಒಂದು ವಾರವೂ ತಪ್ಪಿಸಿಲ್ಲ. ಎಡಗಡೆಯ ಮೂರನೇ ಬೆಂಚಿನ ತುದಿ ಅವನ ಜಾಗ. ಪಕ್ಕದಲ್ಲಿ ಕಲ್ಲಿನ ಕಂಬ. ಹಾಡು ಜೋರಾದಾಗ ಅಂಗೈಯನ್ನು ಆ ತಣ್ಣನೆ ಕಂಬಕ್ಕೆ ಒತ್ತಿ ಹಿಡಿದರೆ ತಲೆಯೊಳಗಿನ ಗಲಾಟೆ ಇಳಿಯುತ್ತದೆ. ಬಲಗಡೆ ಅವ್ವ ಕೂರುತ್ತಿದ್ದಳು.

ಅಲ್ಲಿ ಅವನಿಗೆ ಹಿಡಿಸಿದ್ದು ಏನೆಂದರೆ, ದೇವರ ಜೊತೆ ಮಾತಾಡುವಾಗ ಮುಖ ನೋಡಬೇಕಾಗಿಲ್ಲ. ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದೀಯ ಎಂದು ಕೇಳುವುದಿಲ್ಲ. ಹೇಳಿದ್ದನ್ನೇ ಹೇಳಿದರೆ ಬೇಜಾರಾಗುವುದಿಲ್ಲ. ಬೇರೆ ಯಾರ ಹತ್ತಿರವೂ ಇಷ್ಟು ಸಲೀಸಿಲ್ಲ. ಕಣ್ಣು ಮುಚ್ಚಿ ವಾರದ ವರದಿ ಒಪ್ಪಿಸುತ್ತಾನೆ: ಯಾವ ತಕ್ಕಡಿ ಬಂತು, ಯಾವುದರ ಅಂಚು ಸವೆದಿತ್ತು, ಅಕ್ಕನ ಬೆನ್ನುನೋವು ಹೇಗಿದೆ. ಬೇಡುವುದು ಕಡಿಮೆ.

ಒಂದೇ ಒಂದು ಸಲ ಬೇಡಿದ್ದ. ಅವ್ವ ಆಸ್ಪತ್ರೆಯಲ್ಲಿ ಮಲಗಿದ ಹನ್ನೊಂದು ದಿನ, ದಿನಾ ಬೆಳಿಗ್ಗೆ ಆರಕ್ಕೆ ಸರಿಯಾಗಿ ಬೇಡಿದ. ಹನ್ನೆರಡನೇ ದಿನ ಅವ್ವ ತೀರಿಕೊಂಡಳು.

ಅದಾಗಿ ವರ್ಷ ತುಂಬುವ ಹೊತ್ತಿಗೆ ಪ್ರಾರ್ಥನೆಯ ಮನೆಯಲ್ಲಿ ಜನ ಹೆಚ್ಚಾಗಿ ಬೆಂಚು ಸಾಲದಾಯಿತು. ಕಮಿಟಿಯವರು ಬಾಗಿಲ ಪಕ್ಕ ಒಂದು ನೋಟೀಸು ಹಚ್ಚಿದರು. ‘ಸಭೆಯ ಮುಂದೆ ಹಿರಿಯರ ಪ್ರಶ್ನೆಗೆ ಉತ್ತರ ಕೊಟ್ಟವರಿಗೆ ಮಾತ್ರ ಒಳಗೆ ಬೆಂಚು. ಉಳಿದವರಿಗೆ ವರಾಂಡ.’ ಇಪ್ಪತ್ತು ವಯಸ್ಸು ದಾಟಿದ ಪ್ರತಿಯೊಬ್ಬರೂ ಯಾವತ್ತೋ ಎದ್ದು ನಿಂತು ಆ ಪ್ರಶ್ನೆಗೆ ಉತ್ತರ ಕೊಟ್ಟವರೇ. ಮುಳ್ಳಣ್ಣನನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕೇಳೋಕೆ ಬಂದವರನ್ನು ಅವ್ವ ಒಂದು ನೋಟದಲ್ಲೇ ವಾಪಸು ಕಳಿಸುತ್ತಿದ್ದಳು.

ವರಾಂಡ ಎಂದರೆ ಬೇರೆಯವರಿಗೆ ಬರೀ ವರಾಂಡ. ಮುಳ್ಳಣ್ಣನಿಗೆ ಹಾಗಲ್ಲ. ಅಲ್ಲಿ ತಲೆಯ ಮೇಲೇ ಲೌಡ್‌ಸ್ಪೀಕರಿನ ತುತ್ತೂರಿ ಇದೆ. ಅದರ ಕೆಳಗೆ ಎರಡು ನಿಮಿಷ ನಿಂತರೆ ಅವನಿಗೆ ಕಣ್ಣು ಕತ್ತಲೆ ಬರುತ್ತದೆ. ಒಳಗೆ ಜಾಗ ಹೋಯಿತೆಂದರೆ ಪ್ರಾರ್ಥನೆಯೇ ಹೋದಂತೆ.

ನೋಟೀಸನ್ನು ನಾಲ್ಕು ಸಲ ಓದಿ ಮನೆಗೆ ಬಂದು ಅಕ್ಕನಿಗೆ ಹೇಳಿದ.

“ಪ್ರಶ್ನೆ ಏನಂತೆ?”

“ದೇವರನ್ನ ಸಂಪೂರ್ಣವಾಗಿ, ಯಾವ ಸಂಶಯವೂ ಇಲ್ಲದೆ ನಂಬ್ತೀಯಾ, ಅಂತ.”

“ಹೌದು ಅಂದುಬಿಡು. ಕತ್ತೆ ಬಾಲ, ಏನು ಖರ್ಚಾಗುತ್ತೆ?”

“ಸಂಶಯ ಇದೆಯಲ್ಲ.”

ಅಕ್ಕ ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಿದಳು. “ಏನು ಸಂಶಯ?”

“ಹನ್ನೊಂದು ದಿನ ಹೇಳಿದ್ದು ಕೇಳಿಸ್ತೋ ಇಲ್ವೋ ಅಂತ.” ಎಂದ ಮುಳ್ಳಣ್ಣ. “ನನ್ನಲ್ಲೇ ಏನೋ ಕೆಟ್ಟಿದೆ ಅಕ್ಕಾ. ಮೂವತ್ತಾರು ವರ್ಷದಿಂದ ನೋಡ್ತಿದೀನಿ. ಎದ್ದವರೆಲ್ಲ ಸಂಶಯ ಇಲ್ಲ ಅಂದಿದಾರೆ. ಒಬ್ಬರೂ ಇದೆ ಅಂದಿಲ್ಲ.”

ಅಕ್ಕ ಮೊರ ಪಕ್ಕಕ್ಕಿಟ್ಟಳು. ತಮ್ಮ ಅವರೆಲ್ಲರ ಮಾತನ್ನೂ ಅಕ್ಷರಶಃ ನಂಬಿಕೊಂಡಿದ್ದಾನೆಂದು ಅವಳಿಗೆ ಈಗ ಹೊಳೆಯಿತು. ಅಷ್ಟೂ ಜನರ ನಡುವೆ ತಾನೊಬ್ಬನೇ ಕೆಟ್ಟ ತಕ್ಕಡಿ ಎಂದುಕೊಂಡು ಅವನು ಒಂದು ವರ್ಷ ಕಳೆದಿದ್ದಾನೆ.

“ಲೋ, ಅವರೆಲ್ಲ ಬುರುಡೆ ಬಿಟ್ಟಿದಾರೆ ಕಣೋ.”

“ದೇವರ ಮುಂದೆ?”

“ದೇವರ ಮುಂದೇನೇ ಜಾಸ್ತಿ. ನಂಬಲ್ವಾ? ಹೋಗಿ ಕೇಳ್ಕೊಂಡು ಬಾ.”

ಬೇರೆ ಯಾರಾದರೂ ಆಗಿದ್ದರೆ ಇದನ್ನು ಮಾತಿಗೆ ಆಡಿದ ಮಾತು ಎಂದು ಬಿಡುತ್ತಿದ್ದರು. ಮುಳ್ಳಣ್ಣ ಮಾರನೇ ದಿನ ಬೆಳಿಗ್ಗೆ ಬಟ್ಟುಗಳ ಪೆಟ್ಟಿಗೆ ಹಿಡಿದು ಹೊರಟೇಬಿಟ್ಟ. ಹೇಗೂ ಅದು ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷೆ ಮಾಡುವ ವಾರ. ಗಿರಾಕಿಗಳಲ್ಲಿ ಪ್ರಾರ್ಥನೆಯ ಮನೆಯವರು ಸಾಕಷ್ಟು ಜನ ಇದ್ದರು.

ಹಿಟ್ಟಿನ ಗಿರಣಿಯಮ್ಮ ಗಿರಣಿ ನಿಲ್ಲಿಸಿ, ಸೆರಗಲ್ಲಿ ಮುಖದ ಹಿಟ್ಟು ಒರೆಸಿಕೊಂಡಳು. “ಏನಂದೆ?”

“ದೇವರ ವಿಷಯದಲ್ಲಿ ನಿಮಗೆ ಸಂಶಯ ಇದೆಯಾ?”

ಗಿರಣಿಯಮ್ಮ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಅವನು ಎಂದಿನಂತೆ ಅವಳ ಭುಜದಾಚೆ ಗೋಡೆಯನ್ನು ನೋಡುತ್ತಾ ಕಾಯುತ್ತಿದ್ದ. ಅಣಕವಿಲ್ಲ, ಬೋಧನೆಯಿಲ್ಲ. ತಕ್ಕಡಿ ಎಷ್ಟು ದಿನದಿಂದ ಕೆಟ್ಟಿದೆ ಎಂದು ಕೇಳುವ ದನಿಯೇ ಅದು.

“ಗಂಡ ಬಿಟ್ಟು ಹೋದಾಗಿಂದ ಇದೆ,” ಎಂದಳು. “ಆದ್ರೂ ಬರ್ತೀನಿ. ಮನೇಲಿ ಕೂತು ಮಾಡೋದಾದ್ರೂ ಏನು? ಯಾರಿಗೂ ಹೇಳ್ಬೇಡ ಮತ್ತೆ.”

“ಹೇಳಲ್ಲ.”

ಅವನು ಹೇಳಲ್ಲ ಎಂದರೆ ಹೇಳಲ್ಲ. ಅದು ಪೇಟೆಗೆಲ್ಲ ಗೊತ್ತಿತ್ತು. ಹಾಗಾಗಿ ಜನ ಬಾಯಿ ಬಿಟ್ಟರು. ಹಳೇ ಪೇಪರ್ ಅಂಗಡಿಯವನು, “ವಾರದಲ್ಲಿ ಆರು ದಿನ ಇರುತ್ತೆ, ಪ್ರಾರ್ಥನೆ ದಿನ ರಜಾ” ಎಂದು ನಕ್ಕ. ತರಕಾರಿಯಜ್ಜಿ ಮೊದಲು ಕೈಯಲ್ಲಿದ್ದ ಬದನೆಕಾಯಿ ಎತ್ತಿ ಹೊಡೆಯಲು ಬಂದಳು. ಆಮೇಲೆ ಅದನ್ನು ಕೆಳಗಿಟ್ಟು, “ಕೂತ್ಕೋ” ಎಂದು ಅರ್ಧ ತಾಸು ಸತ್ತ ಮಗಳ ಕಥೆ ಹೇಳಿದಳು. ಮೊಳೆ, ತಂತಿ ತೂಗಿ ಮಾರುವ ಹಾರ್ಡ್‌ವೇರ್ ಅಂಗಡಿಯವನು ಕಮಿಟಿಯ ಕಾರ್ಯದರ್ಶಿ, ನೋಟೀಸಿಗೆ ಸಹಿ ಹಾಕಿದವನೇ ಅವನು. “ನನಗಾ? ಛೆ ಛೆ, ಏನು ಮಾತು ಅಂತ ಆಡ್ತೀಯ!” ಎಂದ. ಮೊಳೆಯ ಡಬ್ಬ ಎತ್ತಿಟ್ಟ, ಇಳಿಸಿದ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ.

“ಬೆಳಿಗ್ಗೆ ಇರಲ್ಲ. ಸಾಯಂಕಾಲ ಒಂದೊಂದ್ಸಲ ಬರುತ್ತೆ,” ಎಂದ ಮೆಲ್ಲಗೆ. “ನಮ್ಮನೆಯವಳಿಗೂ ಗೊತ್ತಿಲ್ಲ.”

“ಹೇಳಲ್ಲ,” ಎಂದು ಮುಳ್ಳಣ್ಣ ಅವನ ತಕ್ಕಡಿಗೆ ಚೀಟಿ ಅಂಟಿಸಿದ. ಕಿಲೋಗೆ ಎರಡು ಗ್ರಾಂ ಹೆಚ್ಚು.

ಆರು ದಿನದಲ್ಲಿ ಒಂಬತ್ತು ಜನರನ್ನು ಕೇಳಿದ. ಒಂಬತ್ತೂ ಜನರಿಗೆ ಇತ್ತು. ಮುಳ್ಳಣ್ಣನಿಗೆ ಎರಡು ಸಂಗತಿ ಒಟ್ಟಿಗೇ ಆದವು. ತಾನೊಬ್ಬನೇ ಕೆಟ್ಟಿಲ್ಲ ಎಂದು ಎದೆ ಹಗುರಾಯಿತು. ಇಷ್ಟು ಜನ ಎದ್ದು ನಿಂತು ಸುಳ್ಳು ಹೇಳಿದರಲ್ಲ ಎಂದು ಒಂದು ಹೊತ್ತು ಊಟ ಸೇರಲಿಲ್ಲ. ಅಕ್ಕ ಅವನನ್ನು ಅವನ ಪಾಡಿಗೆ ಬಿಟ್ಟಳು.

ಪ್ರಾರ್ಥನೆಯ ದಿನ ಅವಳೂ ಹಿಂದೆ ಬಂದಳು. ಇಪ್ಪತ್ತು ವರ್ಷದ ಮೇಲೆ ಆ ಗೇಟು ದಾಟಿದ್ದು ಅದೇ ಮೊದಲು. ಒಳಗೆ ಬರಲಿಲ್ಲ. ವರಾಂಡದ ಬಾಗಿಲಿಗೆ ಒರಗಿ, ಕಾರ್ಖಾನೆಯ ಗೇಟಿನೆದುರು ನಿಲ್ಲುವ ಹಾಗೇ ಕೈಕಟ್ಟಿ ನಿಂತಳು.

ಪ್ರಶ್ನೆ ಕೇಳುವ ಹಿರಿಯರು ಒಬ್ಬರೇ, ಎಪ್ಪತ್ತು ದಾಟಿದವರು, ಹಿಂದೆ ಔಷಧಿ ಅಂಗಡಿ ಇಟ್ಟಿದ್ದವರು. ಅವರ ಮುಂದೆ ಉತ್ತರ ಬರೆದುಕೊಳ್ಳುವ ದಪ್ಪ ಪುಸ್ತಕ. ಮುಳ್ಳಣ್ಣ ಎದ್ದು ನಿಂತ, ಒಂದು ಕೈ ಕಂಬದ ಮೇಲೆ.

“ದೇವರನ್ನು ಸಂಪೂರ್ಣವಾಗಿ, ಯಾವ ಸಂಶಯವೂ ಇಲ್ಲದೆ ನಂಬುತ್ತೀಯಾ?”

“ನಂಬ್ತೀನಿ. ಸಂಶಯಾನೂ ಇದೆ. ದಿನಾ ಒಂದೇ ತೂಕ ಇರಲ್ಲ. ಇವತ್ತು ನಂಬಿಕೆ ಕಡೆ ಮುಳ್ಳು ವಾಲಿದೆ.”

ಸಭೆಯಲ್ಲಿ ಗುಜುಗುಜು ಎದ್ದಿತು. ಹಿರಿಯರು ಕನ್ನಡಕ ತೆಗೆದರು. “ಹಾಗಲ್ಲಪ್ಪಾ. ಇಲ್ಲಿ ಎಲ್ಲರೂ ಸಂಶಯ ಇಲ್ಲ ಅಂತಲೇ ಹೇಳಿರೋದು.”

“ಹೌದು. ನಾನು ಒಂಬತ್ತು ಜನರನ್ನ ಕೇಳಿದೆ. ಒಂಬತ್ತೂ ಜನರಿಗೆ ಇದೆ. ಯಾರು ಅಂತ ಹೇಳಲ್ಲ, ಹೇಳಲ್ಲ ಅಂತ ಮಾತು ಕೊಟ್ಟಿದೀನಿ.”

ಗಿರಣಿಯಮ್ಮ ತನ್ನ ಕಾಲ್ಬೆರಳು ನೋಡಿಕೊಂಡಳು. ಪೇಪರಿನವನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಕಾರ್ಯದರ್ಶಿ ಮಾತ್ರ ಅಭ್ಯಾಸಬಲದಿಂದ ಎದ್ದ.

“ಇದು ಉತ್ತರವೇ ಅಲ್ಲ! ನಿಯಮ ಅಂದ್ರೆ ನಿಯಮ...”

ಯಾರಾದರೂ ಮಾತಾಡುವಾಗ ಅವರ ಕಡೆ ತಿರುಗಬೇಕೆಂದು ಅವ್ವ ಕಲಿಸಿದ್ದಳು. ಮುಳ್ಳಣ್ಣ ತಿರುಗಿ, ಕಾರ್ಯದರ್ಶಿಯ ಅಂಗಿಯ ಎರಡನೇ ಗುಂಡಿಯ ಮೇಲೆ ಕಣ್ಣಿಟ್ಟು, ಮಾತು ಮುಗಿಯಲಿ ಎಂದು ಕಾದ. ಅವನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಆದರೆ ಕಾರ್ಯದರ್ಶಿಗೆ ತನ್ನ ಅಂಗಡಿಯಲ್ಲಿ ಆಡಿದ ಮಾತು ನೆನಪಾಯಿತು. “ನಿಯಮ... ಹಿರಿಯರೇ ನೋಡ್ಕೊಳ್ಳಲಿ,” ಎಂದು ಕೂತ.

“ನೋಟೀಸಲ್ಲಿ ಉತ್ತರ ಕೊಟ್ಟವರಿಗೆ ಬೆಂಚು ಅಂತಿದೆ,” ಎಂದ ಮುಳ್ಳಣ್ಣ. “ನಾನು ಕೊಟ್ಟೆ.”

ಹೇಳಿ, ತನ್ನ ಜಾಗದಲ್ಲಿ ಕೂತ.

ಬಾಗಿಲಲ್ಲಿ ನಿಂತ ಅಕ್ಕ ತುಟಿ ಕಚ್ಚಿ ನಗು ತಡೆದುಕೊಂಡಳು. ಡೋಲು ಬಡಿದು, ಗಂಟಲು ಹರಿದುಕೊಂಡು, ಬಿಸಿಲಲ್ಲಿ ಬೆಂದು ಅವಳು ಎಷ್ಟು ಧರಣಿ ಕೂತಿರಲಿಲ್ಲ! ಇಷ್ಟು ಚೊಕ್ಕಟವಾದ ಧರಣಿಯನ್ನು ಎಲ್ಲೂ ಕಂಡಿರಲಿಲ್ಲ. ಧರಣಿ ಕೂತವನಿಗೇ ಅದು ಧರಣಿಯೆಂದು ಗೊತ್ತಿರಲಿಲ್ಲ.

ಹಿರಿಯರು ಕನ್ನಡಕ ಮತ್ತೆ ಏರಿಸಿ ಪೆನ್ನು ತೆಗೆದರು. ಆಮೇಲೆ ಬರೆಯತೊಡಗಿದರು. ಬೇರೆಯವರ ಹೆಸರಿನ ಮುಂದೆ ಒಂದೊಂದೇ ಪದ ಇದ್ದರೆ, ಇವನದು ಮೂರು ಸಾಲು ಹಿಡಿಯಿತು. ಬರೆದು ಮುಗಿಸಿ, “ಪ್ರಾರ್ಥನೆ ಶುರುವಾಗಲಿ,” ಎಂದರು.

ಎರಡು ದಿನ ಬಿಟ್ಟು ಮಧ್ಯಾಹ್ನ ಹಿರಿಯರು ಮೆಟ್ಟಿಲ ಕೆಳಗಿನ ಗೂಡಿಗೆ ಬಂದರು. ಕೈಯಲ್ಲಿ ಬಟ್ಟೆ ಸುತ್ತಿದ ಗಂಟು. ಬಿಚ್ಚಿದರೆ ಪುಡಿ ಔಷಧಿ ತೂಗುವ ಅಂಗೈಯಗಲದ ತಕ್ಕಡಿ. ಇಪ್ಪತ್ತು ವರ್ಷದಿಂದ ಮುಟ್ಟದೆ ಹಸಿರುಗಟ್ಟಿತ್ತು.

“ಇದು ಇನ್ನೂ ತೂಗುತ್ತಾ ನೋಡಪ್ಪಾ.”

ಮುಳ್ಳಣ್ಣ ತಟ್ಟೆಗಳನ್ನು ಹೊರುವ ತೊಲೆ ಬಿಚ್ಚಿ, ಅದು ಕೂರುವ ಉಕ್ಕಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿದ. ಹಿರಿಯರು ಸ್ಟೂಲಿನ ಮೇಲೆ ಕೂತು ಗಂಟಲು ಸರಿಮಾಡಿಕೊಂಡರು.

“ಆ ಒಂಬತ್ತು ಜನ ಯಾರು?”

“ಹೇಳಲ್ಲ.”

“ಬೇಡ ಬಿಡು.” ಅವರು ಬೀದಿಯ ಕಡೆ ಮುಖ ತಿರುಗಿಸಿದರು. ಒಂದು ಸೈಕಲ್ಲು ಹೋಯಿತು. “ಮೂವತ್ತು ವರ್ಷದಿಂದ ಆ ಪ್ರಶ್ನೆ ಕೇಳೋದು ನಾನೇ. ಅಷ್ಟೂ ವರ್ಷದಲ್ಲಿ ನನ್ನನ್ನ ಮಾತ್ರ ಯಾರೂ ಕೇಳಲಿಲ್ಲ ನೋಡು.”

ಮುಳ್ಳಣ್ಣ ತೊಲೆ ಕೆಳಗಿಟ್ಟ. “ದೇವರ ವಿಷಯದಲ್ಲಿ ನಿಮಗೆ ಸಂಶಯ ಇದೆಯಾ?”

ಹಿರಿಯರು ತಲೆಯಾಡಿಸಿದರು, ಇದೆ ಎಂದು. “ತುಂಬಾ ಹಳೇದು.”

“ಹಾಗಾದ್ರೆ ಹತ್ತು,” ಎಂದ ಮುಳ್ಳಣ್ಣ. ತೊಲೆಯನ್ನು ಮತ್ತೆ ಕೂರಿಸಿ, ಚಿಮಟದಲ್ಲಿ ಎಲ್ಲಕ್ಕಿಂತ ಸಣ್ಣ ಬಟ್ಟನ್ನು ಎತ್ತಿ ಒಂದು ತಟ್ಟೆಗೆ ಇಟ್ಟ. ಮುಳ್ಳು ನಡುಗಿತು, ಆಚೀಚೆ ಆಡಿತು. ಅದು ನಿಲ್ಲುವ ತನಕ ಇಬ್ಬರೂ ಕಾದರು.

“ತೂಗುತ್ತೆ,” ಎಂದು ಅವನು ಚೀಟಿ ತೆಗೆದು ಬರೆಯತೊಡಗಿದ. “ಸ್ವಲ್ಪ ತಪ್ಪಿದೆ.”