ಎಣ್ಣೆ ಹೆಚ್ಚಾದ ದೀಪ

ಮೊದಲ ಸುತ್ತಿನ ಚಿಕಿತ್ಸೆ ಮುಗಿಸಿ ಕಳಿಸುವಾಗಲೇ ಬೆಂಗಳೂರಿನ ಡಾಕ್ಟರು ಹೇಳಿದ್ದರು, ಎರಡನೇ ಸುತ್ತಿಗೆ ಬಂದ ಮೇಲೆ ಮಗಳನ್ನು ಆರೇಳು ತಿಂಗಳಾದರೂ ಊರಿಗೆ ಕಳಿಸುವುದಿಲ್ಲ ಎಂದು. ರಕ್ತದ ಕಾಯಿಲೆ. ದೊಡ್ಡಬಳ್ಳಾಪುರದಿಂದ ಬಸ್ಸಿನಲ್ಲಿ ಓಡಾಡಿದರೆ ಸೋಂಕು ತಗಲುತ್ತದಂತೆ, ಮನೆಯೊಳಗಿನ ಮಗ್ಗದ ದೂಳಂತೂ ಕೂಡದೇ ಕೂಡದಂತೆ. ಅವಳಿಗಿನ್ನೂ ಆರು ವರ್ಷ. ಆಸ್ಪತ್ರೆ ಹತ್ತಿರ ಒಂದು ಕೋಣೆ ಹಿಡಿದು, ಮನೆಗೆ ಬೀಗ ಹಾಕಲು ಹೊರಟೆವು.

ಮನೆ ಮುಚ್ಚುವುದು ಇಷ್ಟು ಕೆಲಸ ಎಂದು ಯಾರಿಗೆ ಗೊತ್ತಿತ್ತು? ಗಂಡ ಅರ್ಧ ನೇಯ್ದ ರೇಷ್ಮೆ ಸೀರೆಯನ್ನು ಕತ್ತರಿಸದೆ ಮಗ್ಗದ ಮೇಲೇ ಬಿಟ್ಟು, ಹಳೇ ಪಂಚೆ ಹೊದಿಸಿದರು. ಇಲಿ ಬಾರದಿರಲೆಂದು ಬಚ್ಚಲ ಮೋರಿಗೆ ಕಲ್ಲು ಇಟ್ಟರು. ನಾನು ಹುಣಸೆಹಣ್ಣು, ಹುರುಳಿ, ರಾಗಿಹಿಟ್ಟನ್ನೆಲ್ಲ ಪಕ್ಕದ ಮನೆ ಅಜ್ಜಿಗೆ ಕೊಟ್ಟೆ. ಅಕ್ಕಿ ಡಬ್ಬ ಮಾತ್ರ ಬರಿದು ಮಾಡಲಿಲ್ಲ.

"ಹುಳ ಬೀಳುತ್ತೆ ಕಣೇ," ಎಂದರು ಗಂಡ.

"ಬೀಳ್ಲಿ. ಹುಳಾನಾದ್ರೂ ಹೊಟ್ಟೆ ತುಂಬಾ ತಿನ್ಲಿ," ಎಂದು ರೇಗಿದೆ. ಆಗ ನನಗೆ ಎಲ್ಲರ ಮೇಲೂ ಸಿಟ್ಟು, ದೇವರ ಮೇಲೂ.

ಸಿಟ್ಟಿದ್ದರೂ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿದ್ದೆ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಮಗಳ ಆಯಸ್ಸು ಬೇಡುತ್ತಾ ಬೇಡುತ್ತಾ ಎಣ್ಣೆ ಸುರಿದದ್ದೇ ಸುರಿದದ್ದು, ಕೆಳಗಿನ ತಟ್ಟೆಗೂ ಇಳಿದಿತ್ತು. ಕಾರು ಬಾಗಿಲಿಗೆ ಬಂದು, ಮಗಳನ್ನು ಕೂರಿಸಿದ ಮೇಲೂ ದೀಪ ಚೆನ್ನಾಗಿ ಉರಿಯುತ್ತಲೇ ಇತ್ತು.

ನಮ್ಮಲ್ಲಿ ದೀಪ ತಾನಾಗಿ ಶಾಂತವಾಗಬೇಕು. ತೀರಾ ಅನಿವಾರ್ಯವಾದರೆ ಹೂವಿನಿಂದ ಒತ್ತುತ್ತಾರೆ. ಬಾಯಿಂದ ಊದುವುದುಂಟೇ? ಆದರೆ ರೇಷ್ಮೆ ತುಂಬಿದ ಮನೆಯಲ್ಲಿ ಉರಿಯುವ ದೀಪ ಬಿಟ್ಟು ಬೀಗ ಹಾಕುವುದಾದರೂ ಹೇಗೆ?

"ಶಾಂತ ಮಾಡೇ, ಹೊತ್ತಾಯ್ತು," ಎಂದರು ಗಂಡ.

"ಮಗೂಗೋಸ್ಕರ ಹಚ್ಚಿದ್ದು. ನಾನು ಮಾಡಲ್ಲ. ನೀವೇ ಮಾಡಿ."

ಅವರು ಒಂದು ಹೂವನ್ನು ಬತ್ತಿಯವರೆಗೂ ಒಯ್ದರು. ಒತ್ತಲಿಲ್ಲ. ಹೂವನ್ನು ಅಲ್ಲೇ ಇಟ್ಟು, ಅಂಗಳಕ್ಕೆ ಹೋಗಿ ಗೋಡೆ ಕಡೆ ತಿರುಗಿ ನಿಂತುಬಿಟ್ಟರು. ಅವರು ಅತ್ತದ್ದನ್ನು ನಾನು ನೋಡಿದ್ದು ಆವತ್ತೇ. ನಾನೂ ದೀಪದ ಮುಂದೆ ಕುಸಿದು ಕೂತೆ. ಇದು ಆರಿದರೆ ಅವಳು ಉಳಿಯುವುದಿಲ್ಲ ಎಂದು ನನ್ನ ಹುಚ್ಚು ಮನಸ್ಸು ಹಟ ಹಿಡಿದಿತ್ತು. ಯಾವ ಸಮಾಧಾನವೂ ಅದಕ್ಕೆ ನಾಟುತ್ತಿರಲಿಲ್ಲ.

ಕಾದು ಬೇಸತ್ತ ಮಗಳು ಕಾರಿನಿಂದಿಳಿದು ಒಳಗೆ ಬಂದಳು. ಕೂದಲುದುರಿದ ತಲೆಗೆ ಟೋಪಿ, ಮುಖಕ್ಕೆ ಮಾಸ್ಕು. ನನ್ನ ಪಕ್ಕ ಕೂತು ಮಾಸ್ಕು ಕೆಳಗೆಳೆದು, ಹುಟ್ಟುಹಬ್ಬದ ಕೇಕಿನ ಮುಂದೆ ಊದುವ ಹಾಗೆ ದೀಪಕ್ಕೆ ಊದಿದಳು. ಕುಡಿ ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಯಿತು. ಇನ್ನೊಮ್ಮೆ ಊದಿದಳು. ಅಷ್ಟಕ್ಕೇ ಏದುಸಿರು ಬಂತು.

"ನನ್ ಕೈಲಿ ಆಗ್ತಿಲ್ಲಮ್ಮ. ನೀನೂ ಊದು ಬಾ."

ಅವಳ ಕೆನ್ನೆಗೆ ಕೆನ್ನೆ ಕೊಟ್ಟು ಬಗ್ಗಿದೆ. ಇಬ್ಬರೂ ಸೇರಿ ಊದಿದೆವು.