ಗಡಿಗೆಯೊಳಗಿನ ಬೆರಳ ಗುರುತು

“ಕಂಠ ಹಿಡದು ಎತ್ತಬ್ಯಾಡ್ರೀ ಅಕ್ಕೋರ!”

ವಸ್ತುಸಂಗ್ರಹಾಲಯದ ಉಗ್ರಾಣದಲ್ಲಿ ಕೇಳಿಬಂದ ಆ ಕೂಗಿಗೆ ನನ್ನ ಕೈ ಹಳೆಯ ಗಡಿಗೆಯ ಮೇಲೆಯೇ ನಿಂತಿತು. ಕೂಗಿದವರು ಅಲ್ಲಿ ವಸ್ತುಗಳನ್ನು ಒರೆಸಿ ಜೋಡಿಸಿಡುವ ಹನುಮವ್ವ. ಶಾಲೆಯ ಮಕ್ಕಳನ್ನು ಕರೆತರುವ ಮೊದಲು ಎಲ್ಲವನ್ನೂ ನೋಡಿಹೋಗಲು ನಾನು ಕನಕಗಿರಿಯಿಂದ ಕೊಪ್ಪಳಕ್ಕೆ ಬಂದಿದ್ದೆ.

ಒಡೆದಿದ್ದ ಕಂಠವನ್ನು ಅಂಟು ಹಚ್ಚಿ ಕೂಡಿಸಿದ್ದರಂತೆ. ಎತ್ತಿದ್ದರೆ ಅದೊಂದೇ ಕಿತ್ತು ಬರುತ್ತಿತ್ತು. ಹನುಮವ್ವ ಎರಡೂ ಅಂಗೈಗಳನ್ನು ತಳಕ್ಕೆ ಕೊಟ್ಟು ಗಡಿಗೆಯನ್ನೆತ್ತಿ, ಮರಳು ತುಂಬಿದ ಬಟ್ಟೆಯ ಸಿಂಬಿಯ ಮೇಲೆ ಇಳಿಸಿದರು. ಆಮೇಲೆ ಒಳಗೆ ಬ್ಯಾಟರಿ ಬೆಳಕು ಬಿಟ್ಟರು. ಒಳಮೈ ತುಂಬ ಸಣ್ಣ ಸಣ್ಣ ಬೆರಳಿನ ಗುರುತುಗಳು!

“ಹೆಣ್ಮಗಳ ಬೆರಳ್ರೀ ಇವು. ನಾವು ಕುಂಬಾರ್ರು. ನಮ್ಮವ್ವ ಒಳಗ ಕೈ ಕೊಟ್ಟು ಗಡಿಗಿ ತಟ್ಟುವಾಗ ಹಿಂಗ ಗುರುತು ಬೀಳ್ತಿದ್ವು.”

ಗಡಿಗೆಯ ಚೀಟಿಯಲ್ಲಿ ಅದು ಸಿಕ್ಕ ಊರು, ಎತ್ತರ, ಬಣ್ಣ ಎಲ್ಲ ಇದ್ದವು. ಬೆರಳಿನ ಮಾತೇ ಇರಲಿಲ್ಲ. ನಾನು ಕರೆದಾಗ ಸಂಗ್ರಹಾಲಯದ ಅಧಿಕಾರಿ ಬಂದು ಬಗ್ಗಿ ನೋಡಿದರು, ಹನುಮವ್ವ ಹೇಳಿದ್ದನ್ನು ಅವರ ಹೆಸರಿನ ಸಮೇತ ಬರೆದುಕೊಂಡರು.

ಈಗ ಕನಕಗಿರಿಯ ಸಂತೆಯಲ್ಲಿ ಗಡಿಗೆ ಕಂಡರೆ ಬಗ್ಗಿ ಒಳಗೆ ನೋಡುತ್ತೇನೆ. ಸೋರುತ್ತದೆಯೇ ಎಂದು ಪರೀಕ್ಷಿಸುತ್ತಿದ್ದೇನೆಂದುಕೊಂಡು ಮಾರುವವರು ಮುನಿಸಿಕೊಳ್ಳುತ್ತಾರೆ.